ಮೊದಲ ಕೈ ತೊಳಕೊಂಡ ಬರ್ರಿ

"ಭಾಳ ಶಾಂತ ಮನಷ್ಯಾ ಇದ್ರು ಬಿಡ್ರಿ. ಒಂದ ದಿನಾ ದನಿ ಏರಿಸಿ ಮಾತಾಡಿದವರಲ್ಲ."

ನನ್ನ ಅಕ್ಕನ ಗಂಡ ತೀರಿಕೊಂಡ ಮೂರನೆಯ ದಿನ ಅವರ ಮನೆ ಮುಂದೆ ಕಾರು ನಿಲ್ಲಿಸಿ, ಅಂಗಳದಲ್ಲೇ ನಿಂತುಕೊಂಡು ಒಬ್ಬರು ಹೇಳಿದ ಮಾತಿದು. ಹೇಳಿದವರು ಹಿರೇಕೆರೂರಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಮಾಲೀಕರ ಮಗ. ಕೇಳಿ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಶಾಂತ ಮನುಷ್ಯನಂತೆ! ಶಿಗ್ಗಾಂವಿಯ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳಿ, ಅವರ ಬೈಗುಳ ತಿನ್ನದವರು ಒಬ್ಬರಾದರೂ ಸಿಕ್ಕರೆ ನಾನು ನನ್ನ ಟಿಕೇಟಿನ ಚೀಲ ಕೆಳಗಿಟ್ಟು ಮನೆಗೆ ಹೋಗುತ್ತೇನೆ. ಸಿಟ್ಟು ಒಂದೇ ಅವರ ಸ್ವಂತ ಆಸ್ತಿ. ಅದನ್ನು ಜೀವಂತ ಇದ್ದಾಗ ಯಾರಿಗೂ ಬಿಟ್ಟುಕೊಡಲಿಲ್ಲ. ಸತ್ತ ಮೂರೇ ದಿನಕ್ಕೆ ಬಂದು ಅದನ್ನೂ ಒರೆಸಿ ಹಾಕಿದರೆ ಸುಮ್ಮನೆ ಕೇಳಿಸಿಕೊಳ್ಳಲು ನನ್ನಿಂದಾಗದು. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಮ್ಮ ಕಡೆ ಅಕ್ಕನ ಗಂಡನಿಗೆ ಮಾಮಾ ಎನ್ನುತ್ತೇವೆ. ಇಲ್ಲಿಯೂ ಹಾಗೇ ಕರೆಯುತ್ತೇನೆ, ಹೆಸರು ಬರೆಯುವುದಿಲ್ಲ. ಗಿರಣಿ, ಗಾಣಗಳಿಗೆಂದು ತಾವು ಕಡಿದ ಗಿಯರುಗಳ ಮೇಲೆ ಅವರೇ ಎಂದೂ ತಮ್ಮ ಹೆಸರು ಹೊಡೆಯಲಿಲ್ಲ. ಊರಿನ ಮೊದಲ ಅಕ್ಷರ 'ಶಿ' ಅಷ್ಟೇ ಹೊಡೆಯುತ್ತಿದ್ದರು, ಶಿಗ್ಗಾಂವಿಯ ಶಿ. ಆ ಅಕ್ಷರಕ್ಕೆ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಶಿಗ್ಗಾಂವಿಯಿಂದ ಹಾನಗಲ್ಲ ಮೇಲೆ ಹಾಯ್ದು ಹಿರೇಕೆರೂರಿಗೆ ಹೋಗಿ ಬರುವುದು ನನ್ನ ಕೆಲಸ. ಮಾಮಾ ಮಾಡಿದ ಗಿಯರುಗಳನ್ನು ಗೋಣಿಯಲ್ಲಿ ಸುತ್ತಿ, ನನ್ನ ಸೀಟಿನ ಕೆಳಗಿಟ್ಟುಕೊಂಡು ಊರೂರಿಗೆ ಮುಟ್ಟಿಸಿದವನು. ಹೀಗಾಗಿ ನಾನು ಹೇಳುವುದರಲ್ಲಿ ಹೆಚ್ಚಿನದು ಕಣ್ಣಾರೆ ಕಂಡದ್ದು.

ಮಾಮಾ ಮೊದಲು ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ಮಿಲ್ಲಿಂಗ್ ಮಷೀನು ನಡೆಸುತ್ತಿದ್ದರು. ಗರಗರ ತಿರುಗುವ ಕಟರಿನಿಂದ ಕಬ್ಬಿಣವನ್ನು ಕಡಿದು ಗಿಯರಿಗೆ ಹಲ್ಲು ತೆಗೆಯುವ ಮಷೀನು ಅದು. ಅಲ್ಲಿ ಎಷ್ಟೋ ವರ್ಷ ಒಂದೇ ಮಷೀನಿನ ಮುಂದೆ ನಿಂತರು. ಒಂದು ಖಂಡೇನವಮಿಯ ದಿನ, ಆಯುಧಪೂಜೆಗೆಂದು ಮಷೀನುಗಳನ್ನೆಲ್ಲ ತೊಳೆದು ಹೂವು ಏರಿಸಿದ್ದಾಗ, ಸೂಪರ್‌ವೈಜರ್ ಇವರ ಹೆಗಲ ಹತ್ತಿರ ಬಂದು, ಹೆಗಲು ಮುಟ್ಟದೆ, ಮೆಲ್ಲಗೆ ಹೇಳಿದನಂತೆ: "ಇವತ್ತೊಂದ ದಿನ ಹೊರಗ ನಿಲ್ಲಪಾ. ಅಯ್ಯನೋರು ಪೂಜಿ ಮುಗಸೂ ತನಕ ಮಷೀನ ಮುಟ್ಟಬ್ಯಾಡ."

"ವರ್ಸ ಪೂರ್ತಿ ನಾ ಮುಟ್ಟಿದ ಮಷೀನ, ಇವತ್ತೊಂದ ದಿನ ಮೈಲಿಗಿ ಆಕ್ಕೈತೇನು?" ಎಂದು ಮಾಮಾ ಕೇಳಿದ್ದು ಕಾರ್ಖಾನೆಯ ಆಚೆ ಗೇಟಿಗೂ ಕೇಳಿಸಿತಂತೆ. ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾವನ್ನು ಅಯ್ಯನವರ ಆರತಿ ತಟ್ಟೆಯ ಪಕ್ಕದಲ್ಲೇ ಒಗೆದು ಹೊರಬಿದ್ದವರು ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ಶಾಂತ ಮನುಷ್ಯ!

ಕೆಲಸ ಬಿಟ್ಟವರು ಇನ್ನೊಬ್ಬರ ಮಷೀನಿಗೆ ಕೈ ಹಚ್ಚುವುದಿಲ್ಲ ಎಂದು ಹಟ ಹಿಡಿದರು. ಎಲ್ಲರೂ ಹುಚ್ಚು ಹಿಡಿಯಿತು ಎಂದರು. ಆಗ ಹುಬ್ಬಳ್ಳಿಯ ಗುಜರಿಯೊಂದರಲ್ಲಿ, ಹುಣಸೆಮರದ ಕೆಳಗೆ ಎಷ್ಟೋ ಮಳೆಗಾಲ ನೆನೆದು ನಿಂತಿದ್ದ ಹಳೆಯ ಮಿಲ್ಲಿಂಗ್ ಮಷೀನೊಂದು ಅವರ ಕಣ್ಣಿಗೆ ಬಿತ್ತು. ಲಾರಿಯಲ್ಲಿ ಹೇರಿಕೊಂಡು ಶಿಗ್ಗಾಂವಿಯ ನಮ್ಮ ಕೇರಿಗೆ ತಂದೇಬಿಟ್ಟರು. ಎಪ್ಪತ್ತರ ದಶಕದ ನಡುವಿನ ಮಾತು, ಈಗ ಇಪ್ಪತ್ತು ವರ್ಷವಾಯಿತು. ಬಾಗಿಲಿನಲ್ಲಿ ಅದು ಹಿಡಿಸಲಿಲ್ಲ. ಮುಂದಿನ ಗೋಡೆ ಒಡೆದರು. ಕೆಳಗೆ ದುಂಡು ಕಟ್ಟಿಗೆ ಇಟ್ಟು, ಓಣಿಯ ಗಂಡಸರೆಲ್ಲ ಹಗ್ಗ ಜಗ್ಗಿ ಅದನ್ನು ಪಡಸಾಲೆಗೆ ನುಗ್ಗಿಸಿದರು. ಮಲಗುವ ಜಾಗವೆಲ್ಲ ಅದಕ್ಕೇ ಹೋಯಿತು.

"ಈ ಭೂತಾನ್ನ ಯಾಕ ತಂದ್ರಿ? ನಾವೇನು ಇದರ ಹೊಟ್ಟ್ಯಾಗ ಮಕ್ಕೋಬೇಕೇನು?" ಎಂದು ಅಕ್ಕ ಕೇಳಿದಳು. ಅವಳ ಬಾಯಿಯೂ ಮಾಮಾನ ಬಾಯಿಗೆ ಸರಿಜೋಡಿ.

"ಒಂದ ವರ್ಸ ತಡಿ. ಇದು ನಿನಗ ಅನ್ನಾ ಹಾಕ್ಕೈತಿ."

ಮಿಲ್ಲು ಬಂದಿದೆಯಂತೆ ಎಂಬ ಸುದ್ದಿ ಹಬ್ಬಿ ಮರುದಿನವೇ ಇಬ್ಬರು ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳ ಹೊತ್ತುಕೊಂಡು ಬೀಸಿಕೊಂಡು ಹೋಗಲು ಬಂದರು. ಮಾಮಾ ಅವರನ್ನೂ ಬೈದರು. ಆಮೇಲೆ ಅಕ್ಕನಿಗೆ ಹೇಳಿ ಚಹಾ ಕುಡಿಸಿ ಕಳಿಸಿದರು.

ಆ ಮಷೀನಿನ ಅವಸ್ಥೆ ನೋಡಬೇಕಿತ್ತು. ತುಕ್ಕು ತಿಂದದ್ದು ಒಂದು ಕಡೆ ಇರಲಿ, ಹಿಂದಿನವನು ಯಾರೋ ತುಕ್ಕಿನ ಮೇಲೇ ಹಸಿರು ಬಣ್ಣ ಬಳಿದು ಬಿಟ್ಟಿದ್ದ. ಮೇಜು ಜಾರುವ ದಾರಿಗೂ ಬಣ್ಣ, ಅಳತೆ ಓದುವ ಬಿಲ್ಲೆಗೂ ಬಣ್ಣ. ಕೆರೆಯುತ್ತಾ ಮಾಮಾ ಆ ಕಾಣದ ಮನುಷ್ಯನಿಗೆ ದಿನಾ ಸಹಸ್ರನಾಮ ಮಾಡುತ್ತಿದ್ದರು. "ಎಲ್ಲಾದಕ್ಕೂ ಹಚ್ಚೀದಿ ಮಗನ, ನಿನ್ನ ಕಣ್ಣಿಗೂ ಬಣ್ಣಾ ಹಚ್ಚಕೋಬೇಕಾಗಿತ್ತು!" ಒಂದೊಂದು ತುಂಡನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿದರು. ಮನೆಯ ಕೊಡ, ಬೋಗುಣಿ, ಕಡೆಗೆ ಅಕ್ಕ ರೊಟ್ಟಿ ಹಿಟ್ಟು ನಾದುವ ಪರಾತವೂ ಸೀಮೆಎಣ್ಣೆಗೆ ಹೋಯಿತು. ಬಹಳ ದಿನ ಅವರ ಮನೆಯ ರೊಟ್ಟಿಗೆ ಅದೇ ವಾಸನೆ. ನಾನು ಉಂಡಿದ್ದೇನೆ.

ಕರೆಂಟಿನದು ಇನ್ನೊಂದು ಕಥೆ. ಊರಿನ ಕಂಬಗಳು ಸಾಲಾಗಿ ಬಂದು ನಮ್ಮ ಕೇರಿಯ ತಿರುವಿನಲ್ಲಿ ನಿಂತುಬಿಟ್ಟಿದ್ದವು. ಅರ್ಜಿ ಹಿಡಿದು ಅಲೆದದ್ದೆಲ್ಲ ವ್ಯರ್ಥವಾದ ಮೇಲೆ ಮಾಮಾ ದಿನಾ ಮುಂಜಾನೆ ಆಫೀಸಿನ ಮೆಟ್ಟಿಲ ಮೇಲೆ ಕುಳಿತು, ಬಂದವರಿಗೆ ಹೋದವರಿಗೆ ಕೇಳುವ ಹಾಗೆ ಒದರತೊಡಗಿದರು. "ಕಂಬಕ್ಕ ನಮ್ಮ ಓಣ್ಯಾಗ ಬರಾಕ ನಾಚಿಕಿ ಆಕ್ಕೈತೇನ್ರಿ? ಹೇಳ್ರಿ, ನಾವ ಹೋಗಿ ಕರಕೊಂಡ ಬರ್ತೇವಿ." ಸಾಹೇಬರಿಗೆ ಬೇಸತ್ತು ಹೋಯಿತು. ಕಂಬ ಬಂತು. ಮಷೀನಿನ ನೆಪದಲ್ಲಿ ಇಡೀ ಓಣಿಗೆ ಬೆಳಕು ಬಂತು. ಶಾಂತವಾಗಿ ಕುಳಿತಿದ್ದರೆ ಇವತ್ತಿಗೂ ನಾವು ಚಿಮಣಿ ಹಚ್ಚಿಕೊಂಡೇ ಇರುತ್ತಿದ್ದೆವು.

ತುಕ್ಕು ಹೋದರೆ ಕೆಲಸ ಮುಗಿಯಲಿಲ್ಲ. ಮೇಜು ಸಪಾಟಾಗಬೇಕು. ಎಲ್ಲಿಯೋ ಒಂದು ಕೂದಲೆಳೆಯಷ್ಟು ಉಬ್ಬಿದ್ದರೂ ಗಿಯರಿನ ಹಲ್ಲು ಸೊಟ್ಟಗಾಗುತ್ತದೆ. ಉಬ್ಬು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಮಾಮಾ ಪೂಜೆಯ ಅಂಗಡಿಯಿಂದ ಹನುಮಪ್ಪನಿಗೆ ಹಚ್ಚುವ ಸಿಂಧೂರ ತರುತ್ತಿದ್ದರು. ಸಿಂಧೂರವನ್ನು ಎಣ್ಣೆಯಲ್ಲಿ ಕಲಸಿ, ನೆಟ್ಟಗಿನ ಕಬ್ಬಿಣದ ಪಟ್ಟಿಗೆ ತೆಳ್ಳಗೆ ಸವರಿ, ಪಟ್ಟಿಯನ್ನು ಮೇಜಿನ ಮೇಲೆ ಉಜ್ಜಿದರೆ ಉಬ್ಬಿದ್ದಲ್ಲಿ ಮಾತ್ರ ಕೆಂಪು ಹತ್ತುತ್ತದೆ. ಆ ಕೆಂಪನ್ನು ಹಳೆಯ ಅರದಿಂದ ತಾವೇ ಮಾಡಿಕೊಂಡ ಉಳಿಯಲ್ಲಿ ಹೆರೆಯುವುದು, ಮತ್ತೆ ಸವರುವುದು, ಮತ್ತೆ ಹೆರೆಯುವುದು. ತಿಂಗಳುಗಟ್ಟಲೆ ಇದೇ ಕೆಲಸ. ಅಂಗಡಿಯವ ಒಂದು ಸಲ, "ಅಂತೂ ಹನಮಪ್ಪನ ಭಕ್ತರಾದ್ರಿ, ಚಲೋ ಆತು" ಎಂದನಂತೆ. ಮಾಮಾ ಬೌದ್ಧರಾಗಿ ಆಗಲೇ ಬಹಳ ವರ್ಷವಾಗಿತ್ತು. ಮನೆಯ ಗೋಡೆಯ ಮೇಲೆ ಬುದ್ಧನ ಪಟ ಒಂದೇ. ಅಂಗಡಿಯವನಿಗೆ ಏನು ಉತ್ತರ ಸಿಕ್ಕಿತು ಎಂಬುದು ಬರೆಯುವಂಥದ್ದಲ್ಲ.

ಆ ಸಿಂಧೂರವೇ ಒಂದು ಅನಾಹುತ ಮಾಡಿತು. ಮಾಮಾನ ಮುಪ್ಪಿನ ತಾಯಿ ಅದೇ ಮನೆಯಲ್ಲಿದ್ದರು. ಮಗ ದೇವರು ಬಿಟ್ಟದ್ದು ಆ ಜೀವಕ್ಕೆ ಒಳಗೊಳಗೇ ಕೊರಗು. ದಿನಾ ಸಿಂಧೂರ ಕಲಸಿ ಮಷೀನಿಗೆ ಹಚ್ಚಿ ಉಜ್ಜುವ ಮಗನನ್ನು ನೋಡಿ ನೋಡಿ, ಇವನು ಬಾಯಲ್ಲಿ ಹೇಳಲು ನಾಚಿಕೊಂಡು ಗುಟ್ಟಾಗಿ ದೇವರಿಗೆ ತಿರುಗಿದ್ದಾನೆ ಎಂದೇ ಅವರು ತಿಳಿದುಕೊಂಡರು. ಖಂಡೇನವಮಿ ಬಂತು. ಮಾಮಾ ಎಣ್ಣೆಗಾಣದ ಗಿಯರಿನ ಅಳತೆ ತೆಗೆದುಕೊಳ್ಳಲು ಸವಣೂರಿಗೆ ಹೋಗಿದ್ದರು, ಅಕ್ಕ ಹಬ್ಬಕ್ಕೆ ಹಳ್ಳಿಯ ತವರುಮನೆಗೆ ಹೋಗಿದ್ದಳು. ಮುದುಕಿ ಒಬ್ಬರೇ ಕೊಡಗಟ್ಟಲೆ ನೀರು ಸುರಿದು ಮಷೀನಿಗೆ ಸ್ನಾನ ಮಾಡಿಸಿದರು. ಒದ್ದೆ ವಿಭೂತಿ ಬಳಿದು, ಅರಿಸಿನ ಕುಂಕುಮ ಏರಿಸಿ, ಚೆಂಡುಹೂವಿನ ಮಾಲೆ ಹಾಕಿದರು. ಮೇಜಿನ ಮೂಲೆಗೇ ತೆಂಗಿನಕಾಯಿ ಒಡೆದು, ನೀರನ್ನೆಲ್ಲ ಅದರ ಮೇಲೆ ಸುರಿದರು. ಹಬ್ಬ ಮುಗಿಯುವವರೆಗೆ ಹೂವು ತೆಗೆಯಲಿಲ್ಲ.

ಅಕ್ಕನನ್ನು ಹಳ್ಳಿಯಿಂದ ಕರೆದುಕೊಂಡು ನಾನು ಬಂದ ದಿನವೇ ಮಾಮಾನೂ ಸವಣೂರಿನಿಂದ ಬಂದರು. ಹೂವು ಎತ್ತಿದರೆ ಕೆಳಗೆಲ್ಲ ತುಕ್ಕು. ತಿಂಗಳುಗಟ್ಟಲೆ ಹೆರೆದದ್ದು ಕೆಂಪಗೆ ಗಾಯದ ಹಾಗೆ ಎದ್ದಿತ್ತು. ಮೂಲೆಯಲ್ಲಿ ಕಾಯಿ ಒಡೆದಲ್ಲಿ ಒಂದು ಚಿಕ್ಕ ನೆಗ್ಗು. ನಾನೂ ಅಕ್ಕನೂ ಬಾಗಿಲ ಕಡೆ ಸರಿದೆವು. ಮುದುಕಿಗೆ ಮಾತ್ರ ಮುಖದ ತುಂಬ ಬೆಳಕು.

"ಹೆಂಗ ಕಾಣತೈತಿ ನೋಡಪಾ, ಸಾಕ್ಷಾತ್ ಲಕ್ಷ್ಮೀ ಕುಂತಂಗ."

ಮಾಮಾ ಎತ್ತಿದ ಹೂವನ್ನು ತಾಯಿಯ ಕೈಗೆ ಕೊಟ್ಟರು. ಆಮೇಲೆ, "ಚಲೋ ಮಾಡೀದಿ ಅವ್ವಾ" ಎಂದರು. ಹಿತ್ತಲಿಗೆ ಹೋಗಿ ಬಕೀಟನ್ನು ಒದ್ದ ಸಪ್ಪಳ ಕೇಳಿಸಿತು. ಜಗತ್ತಿನ ಸೂಪರ್‌ವೈಜರುಗಳಿಗೂ ಅಯ್ಯನವರಿಗೂ ಹುಟ್ಟಿಸಿದವರಿಂದ ಹಿಡಿದು ಮಂಗಳಾರತಿ ಆಯಿತು. ತಾಯಿಗೆ ಒಂದು ಮಾತಿಲ್ಲ. ಮರುದಿನದಿಂದ ಮತ್ತೆ ಸಿಂಧೂರ, ಮತ್ತೆ ಉಳಿ. ಮೇಜನ್ನೆಲ್ಲ ಹೊಸದಾಗಿ ಹೆರೆದರು, ಮೂಲೆಯ ನೆಗ್ಗನ್ನು ಮಾತ್ರ ಹಾಗೇ ಬಿಟ್ಟರು. ಅದನ್ನು ಯಾಕೆ ತುಂಬಲಿಲ್ಲ ಎಂದು ಕೇಳಿದ್ದಕ್ಕೆ, "ಅದು ನಮ್ಮವ್ವನ ಜಾಗಾ. ನಿನಗೇನ ತ್ರಾಸ?" ಎಂದು ನನ್ನ ಮೇಲೆ ಹರಿಹಾಯ್ದರು. ಮುಂದಿನ ವರ್ಷದಿಂದ ಖಂಡೇನವಮಿಗೆ ಒಂದು ಸುತ್ತಿಗೆಯನ್ನು ತೊಳೆದು ತಾಯಿಯ ಕೈಗೆ ಕೊಡುತ್ತಿದ್ದರು, ಪೂಜೆ ಮಾಡಿಕೊಳ್ಳಲಿ ಎಂದು.

ಆ ತುಕ್ಕಿನ ಪೆಟ್ಟು ತಿಂದ ಮೇಲೆಯೇ ಅವರು ಹೊಸ್ತಿಲ ಮೇಲೆ ಒಂದು ತಂಬಿಗೆ ನೀರು, ಒಂದು ಚೂರು ಸಾಬೂನು ಇಡತೊಡಗಿದ್ದು. ಕೈಯ ಬೆವರು ಬಿದ್ದರೆ ಸಾಕು, ಹೆರೆದ ಕಬ್ಬಿಣದ ಮೇಲೆ ಬೆರಳಿನ ಗುರುತು ಕೆಂಪಗೆ ಏಳುತ್ತದೆ. ಹೀಗಾಗಿ ಯಾರೇ ಒಳಗೆ ಬರಲಿ, ದುಂಡಸಿಯ ರೈತನೇ ಬರಲಿ, ಊರಿನ ಗೌಡರೇ ಬರಲಿ, ಬಾಗಿಲಲ್ಲೇ ಒಂದು ಗುಡುಗು: "ಮೊದಲ ಕೈ ತೊಳಕೊಂಡ ಬರ್ರಿ!" ಇದನ್ನು ಕೇಳಿ ಊರಿಗೆ ಎಂಥ ಸಿಟ್ಟು ಬಂತು ಗೊತ್ತೇ? "ಅವರ ಮನಿಗಿ ಹೋಗಾಕ ನಾವು ಕೈ ತೊಳಕೋಬೇಕಂತ! ಕಾಲ ಕೆಟ್ಟತು" ಎಂದು ನನ್ನ ಬಸ್ಸಿನಲ್ಲೇ ಕುಳಿತು ಮಾತಾಡಿದರು. ನಾನು ಮಾಮಾನ ಕಡೆಯವನೆಂದು ಗೊತ್ತಿದ್ದೂ ಮಾತಾಡಿದರು. ಹಾಗೆಂದ ದೊಡ್ಡವರೇ ಗಿಯರು ಮುರಿದಾಗ ಆಳಿನ ಕೈಯಲ್ಲಿ ಕಳಿಸುತ್ತಿದ್ದರು.

ಮಷೀನು ಓಡಿತು. ಮೊದಲ ಗಿಯರು ಕಡಿದ ದಿನ ಇಡೀ ಓಣಿ ಕಿಟಕಿಗೆ ಜೋತುಬಿದ್ದಿತ್ತು. ಅದುವರೆಗೆ ಈ ನಾಲ್ಕು ತಾಲೂಕುಗಳಲ್ಲಿ ಒಂದು ಗಿಯರಿನ ಹಲ್ಲು ಮುರಿದರೆ ಹುಬ್ಬಳ್ಳಿಗೇ ಓಡಬೇಕಿತ್ತು, ಅಲ್ಲಿ ದಿನಗಟ್ಟಲೆ ಕಾಯಬೇಕಿತ್ತು. ಈಗ ಹಾನಗಲ್ಲಿನ ಅಕ್ಕಿ ಗಿರಣಿ, ಸವಣೂರಿನ ಎಣ್ಣೆಗಾಣ, ಹಿರೇಬೆಂಡಿಗೇರಿಯ ಕಬ್ಬಿನ ಗಾಣ, ಎಲ್ಲವೂ ಮಾಮಾನ ಪಡಸಾಲೆಗೆ ಬಂದವು. ಎಲ್ಲಕ್ಕಿಂತ ದೊಡ್ಡ ಗಿರಾಕಿ ಹಿರೇಕೆರೂರಿನ ಹತ್ತಿ ಜಿನ್ನು. ಪ್ರತಿ ವರ್ಷ ಸೀಜನ್ನಿಗೆ ಮೊದಲು, ಖಂಡೇನವಮಿಯ ಹಿಂದಿನ ದಿನ ಮಾಮಾ ನನ್ನ ಬಸ್ಸಿನಲ್ಲಿ ಬಂದು ಗಿಯರು ಕೂಡಿಸಿ ಹೋಗುತ್ತಿದ್ದರು. ಹಾಗೆ ಬಾ ಎಂದು ಜಿನ್ನಿನವರೇ ಹೇಳಿ ಕಳಿಸುತ್ತಿದ್ದರು, ಹಿಂದಿನ ದಿನವೇ ಯಾಕೆ ಎಂದು ಮಾಮಾ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಒಂದು ವರ್ಷ ಹಬ್ಬದ ದಿನವೇ ನನಗೆ ಡ್ಯೂಟಿ ಬಿತ್ತು. ಜಿನ್ನು ಬಸ್ ಸ್ಟ್ಯಾಂಡಿಗೆ ಹತ್ತಿರವೇ ಇದೆ. ಬಸ್ಸು ತಿರುಗಲು ಹೊತ್ತಿತ್ತು, ಗೇಟು ತೆರೆದಿತ್ತು, ಹೋಗಿ ನಿಂತೆ. ಒಳಗೆ ಆಳುಗಳು ಮಷೀನಿನ ಸುತ್ತ ಗೋಮೂತ್ರ ಚಿಮುಕಿಸಿ ತೊಳೆಯುತ್ತಿದ್ದರು. ಹಿಂದಿನ ದಿನ ಮಾಮಾ ನಿಂತ ಜಾಗ, ಕುಳಿತ ಜಾಗ, ಪಾನಾ ಇಟ್ಟ ಜಾಗ. ಮಿಸ್ತ್ರಿಯೊಬ್ಬ ಅರ ಹಿಡಿದು ಹೊಸ ಗಿಯರಿನ ಮೇಲಿನ 'ಶಿ' ಅಕ್ಷರವನ್ನು ತಿಕ್ಕಿ ಅಳಿಸುತ್ತಿದ್ದ. ಆಮೇಲೆ ಮಾಲೀಕರು ಬಂದ ನೆಂಟರಿಗೆ ಗಿಯರು ತೋರಿಸಿ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದೆ: "ಹುಬ್ಬಳ್ಳಿ ಮಾಲರೀ. ಈ ಕಡೆ ಎಲ್ಲಿ ಸಿಗತೈತಿ ಇಂಥಾ ಕೆಲಸ!"

ಸಂಜೆ ಬಂದು ಮಾಮಾನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಹೇಳಬಾರದಿತ್ತು ಎಂದು ಅಕ್ಕ ಬಹಳ ದಿನ ನನ್ನೊಡನೆ ಮುಖ ಗಂಟಿಕ್ಕಿಕೊಂಡಿದ್ದಳು. ಈಗ ಕೇಳಿದರೂ ನಾನು ಹೇಳಿಯೇ ತೀರುತ್ತೇನೆ. ಮಾಮಾ ಆ ದಿನ ಒದರಲಿಲ್ಲ. ಕಟರಿನ ಹಲ್ಲುಗಳನ್ನು ಒಂದೊಂದಾಗಿ ಒರೆಸುತ್ತಾ ಕುಳಿತರು. ಅವರು ಒದರದಿದ್ದಾಗ ನನಗೆ ಹೆಚ್ಚು ಭಯ.

ಮುಂದಿನ ವರ್ಷ ಜಿನ್ನಿನಿಂದ ಮತ್ತೆ ಗಿಯರಿಗೆ ಹೇಳಿ ಕಳಿಸಿದರು. ಮಾಮಾ ಮಾಡಿದರು. ಅಷ್ಟು ಚೆಂದದ ಗಿಯರನ್ನು ನಾನು ಇನ್ನೊಂದು ಕಂಡಿಲ್ಲ. 'ಶಿ' ಅಕ್ಷರವನ್ನು ಈ ಸಲ ಅರ ತಾಗಿದರೂ ಹೋಗದ ಹಾಗೆ ಆಳವಾಗಿ ಕೊರೆದರು. ಒಯ್ಯಲು ಬಂದ ಆಳನ್ನು ಬರಿಗೈಯಲ್ಲಿ ಕಳಿಸಿ, ಹಬ್ಬದ ದಿನ ಪೂಜೆ ನಡೆಯುವಾಗಲೇ ಬಂದು ಕೂಡಿಸುತ್ತೇನೆ ಎಂದು ಹೇಳಿಸಿದರು. ಎರಡನೆಯ ದಿನಕ್ಕೆ ಮಾಲೀಕರೇ ಬಂದರು. ಅಂಗಳದಲ್ಲಿ ನಿಂತರು.

"ಯಾವಾಗ್ಲೂ ಹಿಂದಿನ ದಿನಾನ ಬರ್ತಿದ್ಯಲ್ಲೋ, ಈಗೇನಾತು?"

"ಹಿಂದಿನ ದಿನ ನನಗ ಕೆಲಸ ಐತ್ರಿ."

"ಹಂಗಾರ ಮರದಿನ ಬಾ."

"ಮರದಿನಾನೂ ಕೆಲಸ ಐತ್ರಿ."

ಮಾಲೀಕರು ದನಿ ಇಳಿಸಿದರು. "ನೋಡು, ನನಗೇನ ಇಲ್ಲ. ಮನ್ಯಾಗ ಹಿರ್ಯಾರ ಅದಾರ, ಪದ್ಧತಿ ಅಂತ ಒಂದ ಐತಿ."

ನನಗೇನ ಇಲ್ಲ! ಈ ಮಾತು ಹೇಳುವವರನ್ನು ಕಂಡರೆ ಈಗಲೂ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಮಾಮಾ ಗಿಯರನ್ನು ಎತ್ತಿ ಮಷೀನಿನ ಮೇಜಿನ ಮೇಲೆ, ಹೊರಗೆ ನಿಂತವರಿಗೆ ಕಾಣುವ ಹಾಗೆ ಇಟ್ಟರು. "ಮಾಲು ತಯಾರ ಐತ್ರಿ. ಇಲ್ಲಾ ನಾ ಹಬ್ಬದ ದಿನ ನಿಮ್ಮ ಜಿನ್ನಿನೊಳಗ ಬರಬೇಕು, ಇಲ್ಲಾ ನೀವು ನಮ್ಮ ಮನಿಯೊಳಗ ಬಂದು ನಿಮ್ಮ ಕೈಲೆ ತಗೊಂಡ ಹೋಗಬೇಕು. ಹೊರಗ ನಿಂತು ಮಾಡೂ ವ್ಯವಹಾರ ಮುಗೀತು. ಬರ್ತೀರೇನು? ಬರೂದಾದ್ರ ಮೊದಲ ಕೈ ತೊಳಕೊಂಡ ಬರ್ರಿ."

ಅವರು ತಂಬಿಗೆಯ ಕಡೆ ಒಂದು ಸಲ ನೋಡಿ, ಹೋಗಿಬಿಟ್ಟರು.

ಆ ವರ್ಷ ನಿಜವಾಗಿಯೂ ಹುಬ್ಬಳ್ಳಿಯಿಂದಲೇ ಗಿಯರು ತರಿಸಿದರು. ಬರುವುದು ತಡವಾಗಿ, ಹತ್ತಿ ಹೇರಿದ ಎತ್ತಿನ ಚಕ್ಕಡಿಗಳು ಜಿನ್ನಿನ ಗೇಟಿನಿಂದ ಸಂತೆ ಬಯಲಿನವರೆಗೆ ನಿಂತಿದ್ದನ್ನು ನೋಡಿದ್ದೇನೆ. ಒಂದು ಸೀಜನ್ನಿನ ಮೊದಲ ಭಾಗವೇ ಕೈಬಿಟ್ಟಿತು, ಆದರೂ ತಂಬಿಗೆ ಮುಟ್ಟಲಿಲ್ಲ. ಸುದ್ದಿ ಹಬ್ಬಿ ಸವಣೂರಿನವರು, ಹಾನಗಲ್ಲಿನವರು ಕೂಡ ಮಾಮಾನ ಮನೆಯ ದಾರಿ ಮರೆತರು. ದೊಡ್ಡ ಕೆಲಸ ನಿಂತುಹೋಯಿತು. ಉಳಿದವರು ಕಬ್ಬಿನ ಗಾಣದ ರೈತರು. ಬರುತ್ತಿದ್ದರು, ಕೈ ತೊಳೆಯುತ್ತಿದ್ದರು, ಮಷೀನಿನ ಪಕ್ಕದಲ್ಲೇ ಕುಳಿತು ಅಕ್ಕ ಕೊಟ್ಟ ಚಹಾ ಕುಡಿಯುತ್ತಿದ್ದರು. ಅದರಿಂದ ಹೊಟ್ಟೆ ತುಂಬುತ್ತಿರಲಿಲ್ಲ. "ಬಿಡ್ರಿ ಮಾಮಾ, ಗಾಡಿ ಮುಂದ ಹೋಗ್ಲಿ" ಎಂದು ನಾನೂ ಒಮ್ಮೆ ಅಂದೆ. "ನೀ ರೈಟ್ ಅಂದಕೂಡ್ಲೇ ಹೋಗಾಕ ನಾ ನಿನ್ನ ಬಸ್ಸಲ್ಲ" ಎಂದು ಮುಖಕ್ಕೇ ಹೇಳಿದರು. ಆ ಗಿಯರು ಬುದ್ಧನ ಪಟದ ಕೆಳಗೆ ಗೂಡಿನಲ್ಲಿ ಕುಳಿತಿತು. ವಾರಕ್ಕೊಮ್ಮೆ ಇಳಿಸಿ ಎಣ್ಣೆ ಒರೆಸಿ ಮತ್ತೆ ಇಡುತ್ತಿದ್ದರು. ಕೇಳಿದವರಿಗೆಲ್ಲ ಒಂದೇ ಉತ್ತರ: "ಅದು ಹಿರೇಕೆರೂರದು. ಅವರು ಬಂದು ಒಯ್ತಾರ."

ಹೋದ ತಿಂಗಳು ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ. ಸಾಯುವ ವಯಸ್ಸಲ್ಲ ಅದು. ಮೂರನೆಯ ದಿನ ಬಂತು ಆ ಕಾರು. ಆ ಹಳೆಯ ಮಾಲೀಕರು ಈಗ ಹಾಸಿಗೆ ಹಿಡಿದಿದ್ದಾರೆ, ಬಂದವರು ಮಗ. ಶಾಂತ ಮನುಷ್ಯ ಎಂಬ ಹೊಗಳಿಕೆ ಮುಗಿಸಿ, ನನ್ನನ್ನು ಬದಿಗೆ ಕರೆದರು.

"ಅಪ್ಪಾರ ಕಾಲದಾಗ ಮಾಡಿದ ಗಿಯರ ಇನ್ನೂ ಐತೇನ್ರಿ? ಜಿನ್ನ ನಿಂತೈತಿ. ಆ ಅಳತೀದು ಈಗ ಹುಬ್ಬಳ್ಳ್ಯಾಗೂ ಯಾರೂ ಮಾಡಂಗಿಲ್ಲ ಅನ್ನಾಕತ್ತಾರ. ರೊಕ್ಕದ ಚಿಂತಿ ಮಾಡಬ್ಯಾಡ್ರಿ."

ನನ್ನ ಬಾಯಿಗೆ ಬಂದದ್ದು ಹೊರಗೆ ಬೀಳುವ ಮೊದಲೇ ಅಕ್ಕ ಹೊಸ್ತಿಲಿಗೆ ಬಂದಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು. "ಐತ್ರಿ" ಎಂದಳು. ಒಳಗೆ ಹೋಗಿ ತಂಬಿಗೆ ತುಂಬಿ ತಂದು ಹೊಸ್ತಿಲ ಮೇಲೆ ಇಟ್ಟಳು, ಪಕ್ಕದಲ್ಲಿ ಸಾಬೂನಿನ ಚೂರು. ಕಾರಿನ ಡ್ರೈವರ್ ತಾನು ಒಯ್ಯಲೆಂದು ಮುಂದೆ ಬಂದ. ಅಕ್ಕ ಆ ಮಗನ ಕಡೆ ತಿರುಗಿದಳು:

"ಇವರಲ್ಲರೀ, ನೀವು ಬರ್ರಿ. ನಿಮ್ಮಪ್ಪಾರಿಗೆ ಹೇಳಿದ್ದು ನಿಮಗೂ ಅದ. ಮೊದಲ ಕೈ ತೊಳಕೊಂಡ ಬರ್ರಿ."

ಅವಳ ಹಿಂದೆ ಒಳಗಿನ ಗೂಡಿನಲ್ಲಿ ಗಿಯರು ಕಾಣುತ್ತಿತ್ತು. ಆ ಮಗ ಅದನ್ನು ನೋಡಿದರು, ತಂಬಿಗೆಯನ್ನು ನೋಡಿದರು, ತಮ್ಮ ಕೈಯನ್ನೂ ನೋಡಿಕೊಂಡರು. "ಸೂತಕದ ಮನಿ ಐತಲ್ಲರೀ, ಈಗ ಒಳಗ ಬರೂದು..." ಎಂದು ರಾಗ ಎಳೆದರು.

"ನಮ್ಮಲ್ಲಿ ಅದೆಲ್ಲಾ ಇಲ್ರಿ. ನಿಮಗಿದ್ರ ಅದನ್ನ ಕಳದ ಬರ್ರಿ. ಗಿಯರ ಎಲ್ಲೂ ಹೋಗಂಗಿಲ್ಲ" ಎಂದಳು ಅಕ್ಕ.

ಅವರು ಹೇಳಿದ ಸೂತಕ ಕಳೆದು ಬಹಳ ದಿನವಾಯಿತು. ಅಕ್ಕ ದಿನಾ ಮುಂಜಾನೆ ತಂಬಿಗೆಯ ಹಳೆ ನೀರು ಚೆಲ್ಲಿ ಹೊಸ ನೀರು ತುಂಬಿ ಹೊಸ್ತಿಲ ಮೇಲೆ ಇಡುತ್ತಾಳೆ. ಕಾರು ಮತ್ತೆ ಬಂದಿಲ್ಲ. ಹಿರೇಕೆರೂರಿನಲ್ಲಿ ಜಿನ್ನಿನ ಗೇಟಿಗೆ ಬೀಗ, ಚಕ್ಕಡಿಗಳು ಸಂತೆ ಬಯಲಿನಲ್ಲಿ. ಬಸ್ಸು ಅಲ್ಲಿ ತಿರುಗುವಾಗ ಕಿಟಕಿಯಿಂದ ನೋಡಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಜಿನ್ನು ಯಾಕೆ ನಿಂತಿದೆ ಎಂದು. ಶಾಂತವಾಗಿ ಉತ್ತರ ಕೊಡಲು ನನಗೆ ಬರುವುದಿಲ್ಲ. ಹಿಂದಿನ ಸೀಟಿನವರೆಗೆ ಕೇಳುವ ಹಾಗೆ ಒದರಿ ಹೇಳುತ್ತೇನೆ:

"ಒಂದ ತಂಬಿಗಿ ನೀರಿಗಿ ಅಂಜಿ ನಿಂತೈತ್ರೀ!"